ಕಟ್ಟು ಕಿತ್ತು ಹೊರಟ ರಕ್ಷಣಾ ಆಟಗಾರ: ನೀಲ್ ಫ್ರ್ಯಾಂಕ್ಲಿನ್ ಮತ್ತು ಫುಟ್‌ಬಾಲ್ ವೃತ್ತಿಯ ಒಂದು ಅಧ್ಯಾಯ

ಇಪ್ಪತ್ತನೆಯ ಶತಮಾನದ ನಡುಗಾಲ ದಾಟುವವರೆಗೂ ಇಂಗ್ಲೆಂಡಿನ ವೃತ್ತಿಪರ ಫುಟ್‌ಬಾಲ್ ಆಟಗಾರನಿಗೆ ತನ್ನ ದುಡಿಮೆಗೆ ತಾನೇ ಬೆಲೆ ಕಟ್ಟುವ ಹಕ್ಕಿರಲಿಲ್ಲ. ಆತ ಯಾವ ಊರಿನಲ್ಲಿ ಆಡಬೇಕು, ಎಷ್ಟು ಸಂಬಳಕ್ಕೆ ಆಡಬೇಕು, ಯಾವಾಗ ಆ ಊರು ಬಿಡಬಹುದು ಎಂಬುದನ್ನೆಲ್ಲ ಆತನ ಕ್ಲಬ್ಬು ಮತ್ತು ಕ್ಲಬ್ಬುಗಳ ಒಕ್ಕೂಟವಾದ ಫುಟ್‌ಬಾಲ್ ಲೀಗು ನಿರ್ಧರಿಸುತ್ತಿದ್ದವು. ಈ ಕಟ್ಟುಪಾಡು ಮುರಿದುಬಿದ್ದ ಕಥೆಯನ್ನು ಬರೆಯುವವರು ಸಾಮಾನ್ಯವಾಗಿ 1963ರಲ್ಲಿ ನ್ಯಾಯಾಲಯದಲ್ಲಿ ಗೆದ್ದ ಜಾರ್ಜ್ ಈಸ್ಟ್‌ಹ್ಯಾಮ್ ಅವರಿಂದ ಆರಂಭಿಸಿ, 1995ರಲ್ಲಿ ಯುರೋಪಿನ ನ್ಯಾಯಾಲಯ ಬಾಸ್ಮನ್ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪಿಗೆ ಬಂದು ನಿಲ್ಲುತ್ತಾರೆ. ಗೆದ್ದವರಿಂದ ಆರಂಭವಾಗುವ ಈ ಇತಿಹಾಸದಲ್ಲಿ ಸ್ಟೋಕ್ ಸಿಟಿಯ ನೀಲ್ ಫ್ರ್ಯಾಂಕ್ಲಿನ್ ಅವರಿಗೆ ಸಿಗುವ ಜಾಗ ಅಲ್ಪ; ಸಿಕ್ಕರೂ ಅದು ದೇಶದ ತಂಡವನ್ನು ನಡುನೀರಿನಲ್ಲಿ ಬಿಟ್ಟು ಹಣದ ಹಿಂದೆ ಓಡಿದವರೆಂಬ ಅಪವಾದದೊಂದಿಗೆ ಸಿಗುತ್ತದೆ. ಅವರ ವೃತ್ತಿಜೀವನವನ್ನು ಆ ಕಾಲದ ಕೂಲಿ ನಿಯಮಗಳ ಪಕ್ಕದಲ್ಲಿಟ್ಟು ನೋಡಿದರೆ ಈ ಅಪವಾದ ಬಹಳ ಹೊತ್ತು ನಿಲ್ಲುವುದಿಲ್ಲ.

ಆ ನಿಯಮಗಳು ಎರಡು. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಹಣ ಪಡೆದು ಆಡುವುದನ್ನು 1885ರಲ್ಲಿ ಒಪ್ಪಿಕೊಂಡಿತು, 1888ರಲ್ಲಿ ಲೀಗ್ ಹುಟ್ಟಿತು, 1893ರಲ್ಲಿ ಲೀಗು 'ಉಳಿಸಿಕೊಳ್ಳುವ ಮತ್ತು ವರ್ಗಾಯಿಸುವ' ಪದ್ಧತಿಯನ್ನು ಜಾರಿಗೆ ತಂದಿತು. ಇದರ ಪ್ರಕಾರ ಆಟಗಾರನ ಕರಾರು ಒಂದು ವರ್ಷದ್ದಾದರೂ ಆತನ ನೋಂದಣಿ ಕ್ಲಬ್ಬಿನ ಸ್ವತ್ತಾಗಿರುತ್ತಿತ್ತು. ಪ್ರತಿ ವರ್ಷ ಆಟದ ಋತು ಮುಗಿಯುತ್ತಿದ್ದಂತೆ ಕ್ಲಬ್ಬು ಒಂದು ಪಟ್ಟಿ ಸಿದ್ಧಪಡಿಸುತ್ತಿತ್ತು: ಉಳಿಸಿಕೊಳ್ಳುವವರು, ಮಾರಾಟಕ್ಕಿರುವವರು, ಬಿಡುಗಡೆಯಾದವರು. ಉಳಿಸಿಕೊಳ್ಳುವವರ ಸಾಲಿನಲ್ಲಿ ಹೆಸರಿದ್ದವನು ಕ್ಲಬ್ಬು ಹೇಳಿದ ಸಂಬಳಕ್ಕೆ ಸಹಿ ಹಾಕಬೇಕು. ಹಾಕದಿದ್ದರೆ ಹಳೆಯ ಕರಾರು ಮುಗಿದ ದಿನದಿಂದ ಸಂಬಳವೂ ಇಲ್ಲ, ಬೇರೆ ಲೀಗ್ ಕ್ಲಬ್ಬಿನಲ್ಲಿ ಆಡುವ ಅವಕಾಶವೂ ಇಲ್ಲ. ಎರಡನೆಯದು ಗರಿಷ್ಠ ಸಂಬಳದ ನಿಯಮ. 1901ರಲ್ಲಿ ವಾರಕ್ಕೆ 4 ಪೌಂಡ್ ಎಂದು ಆರಂಭವಾದ ಈ ಮಿತಿ 1950ರ ಹೊತ್ತಿಗೆ ಋತುವಿನ ವಾರಗಳಲ್ಲಿ 12 ಪೌಂಡಿಗೆ ಏರಿತ್ತು, ಬೇಸಿಗೆಯ ವಾರಗಳಲ್ಲಿ ಅದೂ ಇಳಿಯುತ್ತಿತ್ತು. ಶ್ರೀಮಂತ ಕ್ಲಬ್ಬುಗಳು ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಂಡು ಲೀಗಿನ ಸಮತೋಲ ಕೆಡಿಸಬಾರದೆಂಬುದು ಈ ಎರಡಕ್ಕೂ ಕೊಡುತ್ತಿದ್ದ ಸಮರ್ಥನೆ. ಅದರಲ್ಲಿ ಹುರುಳಿಲ್ಲವೆನ್ನಲಾಗದು, ಆದರೆ ಯುದ್ಧಾನಂತರ 1948–49ರ ಒಂದೇ ಋತುವಿನಲ್ಲಿ ಲೀಗ್ ಪಂದ್ಯಗಳಿಗೆ ಟಿಕೆಟ್ ಕೊಂಡು ಬಂದವರ ಸಂಖ್ಯೆ 4 ಕೋಟಿ 10 ಲಕ್ಷವನ್ನು ದಾಟಿತ್ತೆಂಬುದನ್ನು ನೆನೆದರೆ, ಆ ಸಮತೋಲದ ಖರ್ಚನ್ನೆಲ್ಲ ಭರಿಸಿದವರು ಯಾರೆಂಬುದೂ ಗೊತ್ತಾಗುತ್ತದೆ. 1907ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ ಆಟಗಾರರ ಸಂಘ 1912ರಲ್ಲಿ ಕಿಂಗಬಿ ಎಂಬ ಆಟಗಾರನ ಪರವಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿ ಸೋತಿತು. ಆ ಪೆಟ್ಟಿನಿಂದ ಚೇತರಿಸಿಕೊಳ್ಳಲು ಅದಕ್ಕೆ ಬಹಳ ಕಾಲ ಹಿಡಿಯಿತು.

ಫ್ರ್ಯಾಂಕ್ಲಿನ್ 1922ರಲ್ಲಿ ಮಡಕೆ-ಪಿಂಗಾಣಿ ಕೆಲಸಕ್ಕೆ ಹೆಸರಾದ ಸ್ಟೋಕ್-ಆನ್-ಟ್ರೆಂಟ್ ಪಟ್ಟಣದಲ್ಲಿ ಹುಟ್ಟಿ, ಅದೇ ಊರಿನ ಕ್ಲಬ್ಬನ್ನು ಸೇರಿ, ಯುದ್ಧಕಾಲದಲ್ಲಿ ವಾಯುಪಡೆಯಲ್ಲಿದ್ದುಕೊಂಡೇ ಬೆಳೆದ ಆಟಗಾರ. ಅವರ ಸ್ಥಾನ ಸೆಂಟರ್ ಹಾಫ್. ಈ ಹೆಸರಿಗೆ ಚಿಕ್ಕ ವಿವರಣೆ ಅಗತ್ಯ: ಹಿಂದೆ ಮೈದಾನದ ನಡುವೆ ನಿಂತು ಮುಂದಕ್ಕೂ ಹಿಂದಕ್ಕೂ ಓಡಾಡಿ ಆಟವನ್ನು ಹೆಣೆಯುತ್ತಿದ್ದ ಈ ಆಟಗಾರ, 1925ರಲ್ಲಿ ಆಫ್‌ಸೈಡ್ ನಿಯಮ ಸಡಿಲಗೊಂಡು ಗೋಲುಗಳು ಹೆಚ್ಚತೊಡಗಿದಾಗ, ಇಬ್ಬರು ಬ್ಯಾಕ್‌ಗಳ ನಡುವೆ ಹಿಂದಕ್ಕೆ ಸರಿದು ಎದುರಾಳಿಯ ಸೆಂಟರ್ ಫಾರ್ವರ್ಡನ್ನು ತಡೆಯುವುದೊಂದನ್ನೇ ಕಾಯಕ ಮಾಡಿಕೊಳ್ಳಬೇಕಾಯಿತು; ಹರ್ಬರ್ಟ್ ಚಾಪ್‌ಮನ್ ಅವರ ಆರ್ಸೆನಲ್ ಈ ವ್ಯೂಹವನ್ನು ಪಕ್ವಗೊಳಿಸಿದ ಮೇಲೆ ದೇಶವೆಲ್ಲ ಅದನ್ನೇ ಅನುಸರಿಸಿತು. ಎತ್ತರದ ಆಳು, ಗಟ್ಟಿ ತಲೆ, ಬಂದ ಚೆಂಡನ್ನು ಗ್ಯಾಲರಿಗೆ ಒದೆಯುವ ಕಾಲು ಇದ್ದರೆ ಸಾಕೆಂಬುದು ಆ ಸ್ಥಾನದ ಬಗೆಗಿದ್ದ ಭಾವನೆ. ಫ್ರ್ಯಾಂಕ್ಲಿನ್ ಈ ಭಾವನೆಗೆ ಒಗ್ಗಲಿಲ್ಲ. ತಮ್ಮದೇ ಗೋಲಿನ ಹತ್ತಿರ, ಎದುರಾಳಿ ಮೈಮೇಲೆ ಬೀಳುತ್ತಿರುವಾಗಲೂ, ಚೆಂಡನ್ನು ಕಾಲಡಿಗೆ ತಂದುಕೊಂಡು, ಮೈ ಒಂದು ಕಡೆ ಬಾಗಿಸಿ ಇನ್ನೊಂದು ಕಡೆ ಹೊರಳಿ, ತಮ್ಮವನ ಕಾಲಿಗೇ ತಲುಪುವಂತೆ ಸಾಗಿಸುವುದು ಅವರ ರೀತಿ. ನೋಡುವವರ ಎದೆ ಹೊಡೆದುಕೊಳ್ಳುವಂತೆ ಮಾಡುತ್ತಿದ್ದ ಈ ಆಟವೇ ರಕ್ಷಣೆಯನ್ನು ದಾಳಿಯ ಮೊದಲ ಹೆಜ್ಜೆಯಾಗಿಸುತ್ತಿತ್ತು. ಇಂದು ಪ್ರತಿಯೊಬ್ಬ ದೊಡ್ಡ ತರಬೇತುದಾರನೂ ತನ್ನ ಡಿಫೆಂಡರುಗಳಿಂದ ಬಯಸುವುದು ಇದನ್ನೇ. 1946ರ ಸೆಪ್ಟೆಂಬರಿನಿಂದ 1950ರ ಏಪ್ರಿಲಿನವರೆಗೆ ಯುದ್ಧಾನಂತರದ ಇಂಗ್ಲೆಂಡ್ ಆಡಿದ ಮೊದಲ 27 ಅಧಿಕೃತ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಒಂದೂ ತಪ್ಪದಂತೆ ಅವರು ಆಡಿದರು. 1948ರಲ್ಲಿ ಟ್ಯೂರಿನ್ನಿನಲ್ಲಿ ಇಟಲಿಯನ್ನು ಇಂಗ್ಲೆಂಡ್ 4–0ಯಿಂದ ಸೋಲಿಸಿದ ತಂಡದ ಬೆನ್ನೆಲುಬೂ ಅವರೇ.

ಅಟ್ಲಾಂಟಿಕ್ ಸಾಗರದ ಆಚೆಯ ಕೊಲಂಬಿಯಾದಲ್ಲಿ ಆಗಲೇ ಬೇರೊಂದು ಬೆಳವಣಿಗೆ ನಡೆದಿತ್ತು. ಅಲ್ಲಿ 1948ರಲ್ಲಿ ಹುಟ್ಟಿದ ವೃತ್ತಿಪರ ಲೀಗು ದೇಶದ ಅಧಿಕೃತ ಫುಟ್‌ಬಾಲ್ ಸಂಸ್ಥೆಯೊಡನೆ ಜಗಳವಾಡಿ, ವಿಶ್ವ ಫುಟ್‌ಬಾಲನ್ನು ಆಳುವ ಫಿಫಾದ ಅಂಕೆಯಿಂದ ಹೊರಬಿದ್ದಿತು. ಹೊರಬಿದ್ದದ್ದೇ ಅದಕ್ಕೆ ಅನುಕೂಲವಾಯಿತು: ಫಿಫಾದ ನಿಯಮಕ್ಕೆ ಒಳಪಡದ ಮೇಲೆ ಬೇರೆ ದೇಶದ ಆಟಗಾರನನ್ನು ಕರೆತರಲು ಆತನ ಕ್ಲಬ್ಬಿಗೆ ವರ್ಗಾವಣೆ ಹಣ ಕೊಡಬೇಕಾಗಿರಲಿಲ್ಲ, ಹಾಗೆ ಉಳಿದ ಹಣವನ್ನು ಆಟಗಾರನಿಗೇ ಕೊಡಬಹುದಿತ್ತು. ಅದೇ ಸಮಯಕ್ಕೆ ಅರ್ಜೆಂಟೀನಾದ ಆಟಗಾರರು ಮುಷ್ಕರ ಹೂಡಿದ್ದರು. ಅಡಾಲ್ಫೊ ಪೆಡರ್ನೆರಾ, ನೆಸ್ಟರ್ ರೊಸ್ಸಿ, ಯುವಕ ಆಲ್ಫ್ರೆಡೊ ಡಿ ಸ್ಟೆಫಾನೊ 1949ರಲ್ಲಿ ಬೊಗೊಟಾದ ಮಿಲ್ಯೊನಾರಿಯೋಸ್ ಕ್ಲಬ್ಬಿಗೆ ಬಂದರು. ದಕ್ಷಿಣ ಅಮೆರಿಕದ ಇತಿಹಾಸದಲ್ಲಿ ಈ ಕಾಲಕ್ಕೆ 'ಎಲ್ ಡೊರಾಡೊ' ಎಂದು ಹೆಸರು, ಎಂದರೆ ಹೊನ್ನಿನ ನಾಡಿನ ಕಾಲ. ಮಿಲ್ಯೊನಾರಿಯೋಸ್‌ಗೆ ಊರಿನಲ್ಲೇ ಎದುರಾಳಿಯಾಗಿದ್ದ ಸಾಂತಾ ಫೆ ಕ್ಲಬ್ಬು ಅದಕ್ಕೆ ಸರಿಗಟ್ಟುವ ಆಸೆಯಿಂದ ಇಂಗ್ಲೆಂಡಿನತ್ತ ಕಣ್ಣು ಹಾಯಿಸಿತು.

1950ರ ಮೇ ತಿಂಗಳಲ್ಲಿ ಫ್ರ್ಯಾಂಕ್ಲಿನ್ ಸ್ಟೋಕ್‌ನ ಜೊತೆಗಾರ ಜಾರ್ಜ್ ಮೌಂಟ್‌ಫರ್ಡ್ ಅವರೊಂದಿಗೆ ಬೊಗೊಟಾಕ್ಕೆ ಹೊರಟರು. ಮ್ಯಾಂಚೆಸ್ಟರ್ ಯುನೈಟೆಡ್‌ನ ಚಾರ್ಲಿ ಮಿಟನ್ ಕೂಡ ಅದೇ ಕ್ಲಬ್ಬನ್ನು ಸೇರಿದರು. ಇಂಗ್ಲೆಂಡ್ ಮೊತ್ತಮೊದಲ ಬಾರಿಗೆ ಭಾಗವಹಿಸಲಿದ್ದ ಬ್ರೆಜಿಲ್ ವಿಶ್ವಕಪ್ ಮುಂದಿನ ತಿಂಗಳೇ ಇತ್ತು. ಹೆಂಡತಿ ಬಸುರಿಯಾಗಿದ್ದ ಕಾರಣ ಕೊಟ್ಟು ತಾವು ಲಭ್ಯರಿಲ್ಲವೆಂದು ಫ್ರ್ಯಾಂಕ್ಲಿನ್ ಮೊದಲೇ ತಿಳಿಸಿದ್ದರು. ಆಮೇಲೆ ಅದೇ ಹೆಂಡತಿಯೊಡನೆ ಸಮುದ್ರ ದಾಟಿದ್ದು ಪತ್ರಿಕೆಗಳ ಕೋಪಕ್ಕೆ ತುಪ್ಪ ಸುರಿಯಿತು. ಆದರೆ ಇಂಗ್ಲೆಂಡಿನಲ್ಲಿ ಎಷ್ಟೇ ಚೆನ್ನಾಗಿ ಆಡಿದರೂ ವಾರಕ್ಕೆ 12 ಪೌಂಡಿಗಿಂತ ಹೆಚ್ಚು ಸಿಗದ, ಮೂವತ್ತೈದರ ಹೊತ್ತಿಗೆ ಕಾಲು ಸೋತು ವೃತ್ತಿಯೇ ಮುಗಿಯುವ ಮನುಷ್ಯನೊಬ್ಬ, ಹಲವು ಪಟ್ಟು ಸಂಬಳ ಕೊಡುವೆನೆಂದವರ ಕರೆಗೆ ಓಗೊಟ್ಟದ್ದರಲ್ಲಿ ಅಸಹಜವಾದದ್ದು ಏನೂ ಇಲ್ಲ. ಗಣಿಯಲ್ಲೋ ಗಿರಣಿಯಲ್ಲೋ ದುಡಿಯುವವನು ಹೆಚ್ಚು ಕೂಲಿ ಕೊಡುವ ಊರಿಗೆ ಹೋದರೆ ದ್ರೋಹವೆನ್ನದ ಸಮಾಜ, ಅದೇ ಕೆಲಸವನ್ನು ಆಟಗಾರ ಮಾಡಿದಾಗ ಹಾಗೆನ್ನಲು ಹಿಂಜರಿಯಲಿಲ್ಲ.

ಹೊನ್ನಿನ ನಾಡಿನಲ್ಲಿ ಅವರು ಬಹುಕಾಲ ಬಾಳಲಿಲ್ಲ. 1948ರ ಏಪ್ರಿಲ್ 9ರಂದು ಜನನಾಯಕ ಹೊರ್ಹೆ ಎಲಿಯೆಸೆರ್ ಗೈತಾನ್ ಅವರ ಕೊಲೆಯಾದಂದಿನಿಂದ ಕೊಲಂಬಿಯಾ ರಾಜಕೀಯ ಹಿಂಸೆಯಲ್ಲಿ ಬೇಯುತ್ತಿತ್ತು. ಬೊಗೊಟಾದಲ್ಲಿ ಕರ್ಫ್ಯೂ ಇತ್ತು. ಸಮುದ್ರಮಟ್ಟದಿಂದ ಸುಮಾರು 2,600 ಮೀಟರ್ ಎತ್ತರದ ಆ ಊರಿನ ತೆಳುಗಾಳಿಯಲ್ಲಿ ಓಡುವುದೇ ಹೊಸಬರಿಗೆ ಕಷ್ಟ, ಭಾಷೆ ತಿಳಿಯದು, ಹೆರಿಗೆ ಹತ್ತಿರ ಬರುತ್ತಿತ್ತು. ಕೆಲವೇ ಪಂದ್ಯಗಳನ್ನು ಆಡಿ, ಎರಡು ಮೂರು ತಿಂಗಳೊಳಗೆ ಅವರು ಹಿಂದಿರುಗಿದರು. ಇಡೀ ಋತು ಅಲ್ಲಿ ಕಳೆದ ಮಿಟನ್ ಮರಳಿದಾಗ 250 ಪೌಂಡ್ ದಂಡ ಮತ್ತು ಆರು ತಿಂಗಳ ನಿಷೇಧ ಅನುಭವಿಸಿ, ಫುಲಮ್ ಕ್ಲಬ್ಬಿನಲ್ಲಿ ಮತ್ತೆ ಚೆನ್ನಾಗಿ ನೆಲೆಗೊಂಡರು. ಫ್ರ್ಯಾಂಕ್ಲಿನ್ ಅವರಿಗೂ ನಿಷೇಧವಾಯಿತು. ಅದು 1951ರ ಆರಂಭದಲ್ಲಿ ತೆರವಾದಾಗ ಸ್ಟೋಕ್ ಅವರನ್ನು ಎರಡನೆಯ ಡಿವಿಷನ್ನಿನ ಹಲ್ ಸಿಟಿಗೆ 22,500 ಪೌಂಡಿಗೆ ಮಾರಿತು. ಡಿಫೆಂಡರನಿಗೆ ಅಂದಿನ ದಿನಕ್ಕೆ ಅದು ಭಾರಿ ಮೊತ್ತ. ಆ ಹಣ ಸಂದಾಯವಾದದ್ದು ಕ್ಲಬ್ಬಿಗೆ. ಮಾರಾಟವಾದವರ ವಾರದ ಸಂಬಳ ಮಾತ್ರ ನಿಯಮದ ಮಿತಿಯಲ್ಲೇ ಉಳಿಯಿತು. ದುಡ್ಡಿಗಾಗಿ ಕ್ಲಬ್ಬು ಬಿಟ್ಟವರೆಂದು ಬೈಸಿಕೊಂಡವರನ್ನೇ ದುಡ್ಡಿಗೆ ಮಾರಿದ ಕ್ಲಬ್ಬನ್ನು ಯಾರೂ ಬೈಯಲಿಲ್ಲವೆಂಬುದನ್ನು ಇತಿಹಾಸಕಾರರು ಗಮನಿಸಲೇಬೇಕು.

ಅವರಿಲ್ಲದ ಇಂಗ್ಲೆಂಡ್ 1950ರ ಜೂನ್ 29ರಂದು ಬೆಲೊ ಹೊರಿಜೊಂಟೆಯಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಎದುರು 0–1ರಿಂದ ಸೋತದ್ದನ್ನು ಅವರ ತಲೆಗೆ ಕಟ್ಟುವುದುಂಟು. ಅಂದು ಇಂಗ್ಲೆಂಡ್ ಪಂದ್ಯದುದ್ದಕ್ಕೂ ದಾಳಿ ನಡೆಸಿಯೂ ಒಂದು ಗೋಲು ಹೊಡೆಯಲಾರದೆ ಹೋಯಿತಾದ್ದರಿಂದ ಈ ಮಾತು ಸಲ್ಲದು. ನಿಜವಾದ ನಷ್ಟ ಮುಂದಿನ ವರ್ಷಗಳಲ್ಲಿ ಕಾಣಿಸಿತು: ವಿಶ್ವಕಪ್ಪಿನಲ್ಲಿ ಲಾರಿ ಹ್ಯೂಸ್, 1953ರಲ್ಲಿ ಹಂಗೆರಿ 6–3ರಿಂದ ವೆಂಬ್ಲಿಯಲ್ಲಿ ಗೆದ್ದಾಗ ಹ್ಯಾರಿ ಜಾನ್‌ಸ್ಟನ್, ಹೀಗೆ ಒಬ್ಬರಾದ ಮೇಲೊಬ್ಬರನ್ನು ಆ ಸ್ಥಾನದಲ್ಲಿ ನಿಲ್ಲಿಸಿ ನೋಡಿ, ಕೊನೆಗೆ 1954ರ ವಿಶ್ವಕಪ್ಪಿನಲ್ಲಿ ನಾಯಕ ಬಿಲ್ಲಿ ರೈಟ್ ಅವರನ್ನೇ ಅಲ್ಲಿಗೆ ಸರಿಸಿದ ಮೇಲೆ ಆ ಹುಡುಕಾಟ ಮುಗಿಯಿತು. ಇಷ್ಟೂ ದಿನ ಫ್ರ್ಯಾಂಕ್ಲಿನ್ ಹಲ್‌ನಲ್ಲಿ ಆಡುತ್ತಿದ್ದರು. ದೇಶದ ತಂಡಕ್ಕೆ ಅವರನ್ನು ಮತ್ತೆ ಕರೆಯಲೇ ಇಲ್ಲ. ಮೊಣಕಾಲಿನ ನೋವು ಅವರ ಆಟವನ್ನು ಕುಗ್ಗಿಸಿತ್ತು ನಿಜ, ಆದರೆ ಬಾಗಿಲು ಮುಚ್ಚಿದ್ದು ಆ ನೋವೊಂದರಿಂದಲೇ ಎಂದು ನಂಬುವುದು ಕಷ್ಟ.

ಆಮೇಲಿನ ಹಾದಿಯೆಲ್ಲ ಕೆಳಮುಖ, ಊರೂರು ಅಲೆದಾಟ. 1956ರಲ್ಲಿ ಕ್ರೂ ಅಲೆಕ್ಸಾಂಡ್ರಾ, ಮರುವರ್ಷ ಸ್ಟಾಕ್‌ಪೋರ್ಟ್ ಕೌಂಟಿ, ಬಳಿಕ ಲೀಗಿನ ಹೊರಗಿನ ಮ್ಯಾಕಲ್ಸ್‌ಫೀಲ್ಡ್ ಮತ್ತು ವೆಲ್ಲಿಂಗ್ಟನ್ ಟೌನ್. 1963ರಲ್ಲಿ ಸೈಪ್ರಸ್ ದ್ವೀಪದ ನಿಕೋಸಿಯಾದ ಅಪೊಯೆಲ್ ಕ್ಲಬ್ಬಿನ ತರಬೇತುದಾರಿಕೆ. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಅವರನ್ನು ಕಟ್ಟಿಹಾಕಿದ್ದ ನಿಯಮಗಳು ಒಂದೊಂದಾಗಿ ಕಳಚಿದವು. ಜಿಮ್ಮಿ ಹಿಲ್ ಅವರ ಮುಂದಾಳುತನದಲ್ಲಿ ಆಟಗಾರರ ಸಂಘ ಮುಷ್ಕರದ ಬೆದರಿಕೆ ಹಾಕಿದ ಮೇಲೆ 1961ರ ಜನವರಿಯಲ್ಲಿ 20 ಪೌಂಡಿನ ಗರಿಷ್ಠ ಮಿತಿ ರದ್ದಾಯಿತು. ಆರ್ಸೆನಲ್‌ಗೆ ಹೋಗಬೇಕೆಂದು ಪಟ್ಟುಹಿಡಿದ ಈಸ್ಟ್‌ಹ್ಯಾಮ್ ಅವರನ್ನು ನ್ಯೂಕ್ಯಾಸಲ್ ಕ್ಲಬ್ಬು ತಡೆಹಿಡಿದಿದ್ದ ಮೊಕದ್ದಮೆಯಲ್ಲಿ, 1963ರ ಜುಲೈ 4ರಂದು ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್ ಈ ಪದ್ಧತಿ ಮನುಷ್ಯನ ವೃತ್ತಿಗೆ ಹಾಕಿದ ಅಸಮಂಜಸ ನಿರ್ಬಂಧವೆಂದು ತೀರ್ಪಿತ್ತರು. ಕರಾರು ಮುಗಿದವನನ್ನು ಉಳಿಸಿಕೊಳ್ಳಬೇಕಾದರೆ ಹಳೆಯ ಕರಾರಿಗೆ ಕಡಿಮೆಯಿಲ್ಲದ ಸಂಬಳ ಕೊಡಬೇಕು, ಇಲ್ಲವಾದರೆ ಹಣ ಕೇಳದೆ ಬಿಟ್ಟುಬಿಡಬೇಕು, ಜಗಳವಾದರೆ ತಟಸ್ಥ ಮಂಡಳಿಯ ಮುಂದೆ ಹೋಗಬೇಕೆಂಬ ಹೊಸ ಏರ್ಪಾಡು ಬಂತು. ಅದೇ ವರ್ಷದ ಕೊನೆಯಲ್ಲಿ ಫ್ರ್ಯಾಂಕ್ಲಿನ್ ಕೋಲ್ಚೆಸ್ಟರ್ ಯುನೈಟೆಡ್‌ನ ಮ್ಯಾನೇಜರಾದರು. 1968ರವರೆಗೆ, ಎರಡು ಬಾರಿ ಕೆಳಗಿನ ಡಿವಿಷನ್ನಿಗೆ ಜಾರಿ ನಡುವೆ ಒಮ್ಮೆ ಮೇಲೇರಿದ ಆ ಬಡ ಕ್ಲಬ್ಬಿನಲ್ಲಿ, ಆಟಗಾರರನ್ನು ಉಳಿಸಿಕೊಳ್ಳುವ, ಬಿಡುವ ಮಾತುಕತೆಗಳು ಈ ಹೊಸ ನಿಯಮದಡಿಯಲ್ಲೇ ನಡೆದವು.