ವಯನಾಡಿನ ಬಾಳೆತೋಟ ಮತ್ತು ನರವಿಷದ ಕಾನೂನು

ವಯನಾಡಿನ ಗದ್ದೆಬಯಲುಗಳಲ್ಲಿ ಭತ್ತ ಹಿಂದೆ ಸರಿದು ನೇಂದ್ರಬಾಳೆ ಹಬ್ಬುತ್ತ ಹೋದಂತೆ, ರೈತರು ‘ಥಿಮೆಟ್’ ಎಂದು ಕರೆಯುವ ಫೋರೇಟ್ ಹರಳು ಅಲ್ಲಿನ ಬೇಸಾಯದ ನಿತ್ಯದ ಸರಕಾಯಿತು. ಗೆಡ್ಡೆ ಕೊರೆಯುವ ಮೂತಿಹುಳುವನ್ನೂ, ತುದಿಯೆಲೆಗಳು ಗೊಂಚಲುಗಟ್ಟುವ ರೋಗವನ್ನು ಹರಡುವ ಹೇನನ್ನೂ ತಡೆಯಲು ಅದನ್ನು ನೆಡುವ ಗುಂಡಿಗೂ ಎಲೆಯ ಕಂಕುಳಿಗೂ ಉದುರಿಸುತ್ತಿದ್ದರು, ಅದೂ ಅನೇಕ ವೇಳೆ ಬರಿಗೈಯಲ್ಲಿ. ಫೋರೇಟ್ ಸೇರಿರುವುದು ಸಾವಯವ ರಂಜಕಗಳ, ಅಂದರೆ ಫಾಸ್ಫರಸ್ ಬೆರೆತ ಇಂಗಾಲ ಸಂಯುಕ್ತಗಳ, ಕುಲಕ್ಕೆ. ಈ ಕುಲದ ವಿಷಗಳು ನರಸಂದೇಶವನ್ನು ಮುಗಿಸುವ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುವುದರಿಂದ ಕಣ್ಣಪಾಪೆ ಕುಗ್ಗುತ್ತದೆ, ಜೊಲ್ಲು ಸುರಿಯುತ್ತದೆ, ಕೊನೆಗೆ ಉಸಿರು ನಿಲ್ಲುತ್ತದೆ. ಯುದ್ಧಾಸ್ತ್ರವಾದ ಸಾರಿನ್ ಮಾಡುವುದೂ ಇದನ್ನೇ. ಎರಡಕ್ಕೂ ವೈದ್ಯರು ಕೊಡುವ ಮದ್ದು ಅಟ್ರೋಪಿನ್.

ಈ ನಂಟಿಗೆ ಒಂದು ಚರಿತ್ರೆಯಿದೆ. ಜರ್ಮನಿಯ ರಸಾಯನಶಾಸ್ತ್ರಜ್ಞ ಗೆರ್ಹಾರ್ಡ್ ಶ್ರಾಡರ್ ಹೊಸ ಕೀಟನಾಶಕಗಳನ್ನು ಹುಡುಕುತ್ತಲೇ 1936ರಲ್ಲಿ ಟಾಬುನ್, 1938ರಲ್ಲಿ ಸಾರಿನ್ ಎಂಬ ನರವಿಷಗಳನ್ನು ಕಂಡ. ಪ್ಯಾರಾಥಿಯಾನ್ ಎಂಬ ಕೀಟನಾಶಕವೂ ಅವನದೇ. ‘ಫಾಲಿಡಾಲ್’ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಆ ಪ್ಯಾರಾಥಿಯಾನ್ 1958ರಲ್ಲಿ ಸಾಗಣೆಯ ವೇಳೆ ಸೋರಿ ಆಹಾರ ಸಾಮಗ್ರಿಗೆ ಬೆರೆತು ಕೇರಳದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಆ ದುರಂತದ ವಿಚಾರಣೆಯಿಂದ ಹೊರಟ ಚಿಂತನೆಯೇ 1968ರ ಕೀಟನಾಶಕ ಕಾಯ್ದೆಗೆ ದಾರಿಯಾಯಿತು. ಭಾರತದ ಈ ಕಾನೂನು ಹುಟ್ಟಿದ್ದು ಕೇರಳದ ಸಾವುಗಳಿಂದ ಎಂಬುದನ್ನು ಇಂದಿನ ಕೃಷಿಚರ್ಚೆಗಳು ನೆನೆಯದಿರುವುದು ಖೇದದ ಸಂಗತಿ.

ಅಸ್ತ್ರದ ಕಡೆಯ ಕಾವಲು ಇನ್ನೂ ತಡವಾಗಿ ಬಂತು. ಭಾರತ 1993ರಲ್ಲಿ ಸಹಿ ಹಾಕಿದ ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದ 1997ರ ಏಪ್ರಿಲ್ 29ರಂದು ಜಾರಿಗೆ ಬಂದಿತು. ದೇಶ ತನ್ನಲ್ಲಿದ್ದ ಸಂಗ್ರಹವನ್ನು ಘೋಷಿಸಿ 2009ರ ಹೊತ್ತಿಗೆ ಪೂರ್ತಿ ನಾಶಪಡಿಸಿತು. ವಿಷವಸ್ತು ಯಾವುದೇ ಇರಲಿ, ಯಾವ ಉದ್ದೇಶಕ್ಕೆ ಅದನ್ನು ತಯಾರಿಸಿ ಇಟ್ಟುಕೊಳ್ಳಲಾಗಿದೆ ಎಂಬುದರ ಮೇಲೆ ಅದು ಅಸ್ತ್ರವೋ ಅಲ್ಲವೋ ಎಂದು ನಿರ್ಣಯಿಸುವುದು ಈ ಒಪ್ಪಂದದ ತಿರುಳು. ಕೃಷಿ, ಔಷಧ, ಸಂಶೋಧನೆಗಳಿಗೆ ಅಲ್ಲಿ ವಿನಾಯಿತಿಯಿದೆ. ಬ್ರಿಟನ್ನಿನಲ್ಲಿ 1950ರ ದಶಕದಲ್ಲಿ ಕೀಟನಾಶಕವಾಗಿ ಮಾರುಕಟ್ಟೆಗೆ ಬಂದು, ವಿಪರೀತ ವಿಷವೆಂದು ಹಿಂದೆ ಸರಿದ ಅಮಿಟಾನ್ ಇಂದು ಅದರ ಎರಡನೆಯ ಅನುಸೂಚಿಯಲ್ಲಿದೆ. ಫೋರೇಟ್‌ನಂಥ ರಂಜಕಯುಕ್ತ ವಸ್ತುವನ್ನು ವರ್ಷಕ್ಕೆ 30 ಟನ್ನಿಗಿಂತ ಹೆಚ್ಚು ತಯಾರಿಸುವ ಕಾರ್ಖಾನೆಯೂ ಘೋಷಣೆಗೆ ಒಳಪಡುತ್ತದೆ. ಆದರೆ ಪೊಟ್ಟಣ ಕಾರ್ಖಾನೆಯ ಗೇಟು ದಾಟಿತೆಂದರೆ ಆ ಕಣ್ಗಾವಲು ಅಲ್ಲಿಗೆ ಮುಗಿಯುತ್ತದೆ; ಅಂಗಡಿಯಲ್ಲಿ, ತೋಟದಲ್ಲಿ, ಸಾಲದಲ್ಲಿ ಮುಳುಗಿದವನ ಮನೆಯ ಅಟ್ಟದಲ್ಲಿ ಅದನ್ನು ಕಾಯುವುದು ಕೃಷಿ ಕಾನೂನಿನ ಪಾಲಿಗೆ ಬರುತ್ತದೆ.

ವಯನಾಡಿನಲ್ಲಿ ಈ ಎರಡನೆಯ ಕಾವಲು ಸಡಿಲವಾಗಿತ್ತು. ರೈತರ ಆತ್ಮಹತ್ಯೆಗಳ ಕಾರಣದಿಂದ 2006ರಲ್ಲಿ ಕೇಂದ್ರದ ವಿಶೇಷ ಪ್ಯಾಕೇಜಿಗೆ ಸೇರಿದ ಜಿಲ್ಲೆಗಳಲ್ಲಿ ಅದೂ ಒಂದು. ಕೇರಳ 2011ರಲ್ಲಿ ಫೋರೇಟ್, ಮಾನೋಕ್ರೋಟೊಫಾಸ್ ಸೇರಿದಂತೆ ಹದಿನಾಲ್ಕು ಕೃಷಿವಿಷಗಳನ್ನು ನಿಷೇಧಿಸಿತು. ರಾಜ್ಯದ ಗಡಿಯಲ್ಲಿರುವ ಮುತ್ತಂಗದ ಆಚೆ, ವಯನಾಡಿನ ಬೆಳೆಗಾರರೇ ಗೇಣಿಗೆ ಜಮೀನು ಹಿಡಿದು ಶುಂಠಿ ಬೆಳೆಯುವ ಕರ್ನಾಟಕದಲ್ಲಿ, ಆ ಆಜ್ಞೆಗೆ ಬಲವಿರಲಿಲ್ಲ. ಫೋರೇಟ್ ಮಾರಾಟ ದೇಶದಾದ್ಯಂತ ನಿಷಿದ್ಧವಾಗಲು 2020ರ ಡಿಸೆಂಬರ್ 31 ಬರಬೇಕಾಯಿತು.