ಸಂತ ಮರಿಯಳ ದ್ವೀಪ: ಹೆಸರಿಗಿಂತ ಹಿರಿಯ ಶಿಲೆ

ಅಟ್ಲಾಂಟಿಕ್ ಸಾಗರದ ರೊಕಬಾರಿ ಎಂಬ ಬಂಡೆಯು ಮೂರು ಬಾರಿ ಕಾಣಿಸಿಕೊಳ್ಳುವುದೆಂದೂ ಮೂರನೆಯದು ಲೋಕಾಂತ್ಯದ ಸೂಚನೆಯೆಂದೂ ಸ್ಕಾಟ್ಲೆಂಡಿನ ಗೇಲಿಕ್ ಜನಪದರ ನಂಬಿಕೆ. ಹುಣಸೂರು, ಪಿರಿಯಾಪಟ್ಟಣಗಳಿಂದ ನಮ್ಮ ಕುಟುಂಬಗಳು ಪ್ರವಾಸ ಹೋಗುವ ಮಲ್ಪೆಯ ಕಡಲಲ್ಲಿಯೂ ಕಥೆ ಹೊತ್ತ ಬಂಡೆಗಳಿವೆ. 1498ರಲ್ಲಿ ವಾಸ್ಕೋ ಡ ಗಾಮನು ಅಲ್ಲಿಳಿದು ಮಾತೆ ಮರಿಯಳ ಹೆಸರಿಟ್ಟನೆಂಬುದು ಪ್ರತೀತಿ. ಆದರೆ ಆ ದ್ವೀಪಕ್ಕೆ ತೋನ್ಸೆಪಾರ್ ಎಂಬ ಸ್ಥಳೀಯ ಹೆಸರೂ ಉಂಟು. ಅಲ್ಲಿನ ಕಂಬದಾಕಾರದ ಶಿಲೆಗಳೋ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಲಾವಾರಸ ತಣಿದು ಮೂಡಿದವು.

ಪ್ರಿಯ ಓದುಗರೇ, ಮಾತೆಯ ಹೆಸರು ನಮಗೆ ಪ್ರಿಯವೇ. ಆದರೂ ಹೆಸರಿಟ್ಟವನೇ ಮೊದಲು ಕಂಡವನಲ್ಲ. ದೂರದ ನಾವಿಕನನ್ನು ನೆನೆಯುವಾಗ, ಆ ಕಡಲನ್ನೇ ನಂಬಿ ಬಾಳಿದ ಮೊಗವೀರರನ್ನು ಮರೆತರೆ ನಮ್ಮ ಚರಿತ್ರೆ ಅರ್ಧವೇ ಸರಿ.