ಒಂದು ಔಷಧದ ಪೂರ್ವೋತ್ತರ

ದೊಡ್ಡ ಕರುಳಿನ ಒಳಪೊರೆ ಹುಣ್ಣಾಗಿ, ರಕ್ತಭೇದಿಯಿಂದ ರೋಗಿಯನ್ನು ಹಣ್ಣುಮಾಡುವ ವ್ಯಾಧಿಗೆ ‘ಅಲ್ಸರೇಟಿವ್ ಕೊಲೈಟಿಸ್’ ಎಂದು ಹೆಸರು. ಇದಕ್ಕೆ ದೀರ್ಘಕಾಲ ಆಸರೆಯಾಗಿ ಬಂದ ಸಲ್ಫಾಸಲಜಿನ್ ಮೂಲತಃ ಕರುಳಿಗಾಗಿ ನಿರ್ಮಿತವಾದುದಲ್ಲ. ಸ್ವೀಡನ್ನಿನ ವೈದ್ಯೆ ನಾನ್ನ ಸ್ವಾರ್ಟ್ಸ್ ಅವರ ಲಕ್ಷ್ಯವಿದ್ದುದು ಸಂಧಿವಾತದ ಮೇಲೆ. ಆ ರೋಗಕ್ಕೆ ಕ್ರಿಮಿಗಳು ಕಾರಣವಿರಬಹುದೆಂಬುದು ಅಂದಿನ ಊಹೆ. ಆದ್ದರಿಂದ ಕ್ರಿಮಿನಾಶಕ ಸಲ್ಫಾಪಿರಿಡಿನ್ನನ್ನೂ ಉರಿಯೂತವನ್ನು ಶಮನಗೊಳಿಸುವ ಸ್ಯಾಲಿಸಿಲಿಕ್ ಆಮ್ಲದ ರೂಪವೊಂದನ್ನೂ ಒಂದೇ ಅಣುವಿನಲ್ಲಿ ಬೆಸೆಯಲಾಯಿತು. ಕರುಳಿನ ರೋಗಿಗಳಲ್ಲಿಯೂ ಸುಧಾರಣೆ ಕಂಡಿತು. 1942ರಲ್ಲಿ ಸ್ವಾರ್ಟ್ಸ್ ತಮ್ಮ ಅನುಭವವನ್ನು ಪ್ರಕಟಿಸಿದರು.

ಆದರೆ ಗುಣ ಯಾವ ಅರ್ಧದ್ದು? ಇದು ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ. ವಾಕರಿಕೆ, ತಲೆನೋವುಗಳನ್ನು ತಾಳಲಾರದೆ ಔಷಧವನ್ನೇ ತ್ಯಜಿಸಿದವರುಂಟು. ತ್ಯಜಿಸಿದರೆ ರೋಗ ಮರುಕಳಿಸುವ ಭಯ. 1972ರಲ್ಲಿ ಅಮೆರಿಕದ ಪೆಪ್ಪರ್‌ಕಾರ್ನ್ ಮತ್ತು ಗೋಲ್ಡ್‌ಮನ್, ಕರುಳಿನ ಬ್ಯಾಕ್ಟೀರಿಯಗಳೇ ಈ ಬೆಸುಗೆಯನ್ನು ಬಿಡಿಸುತ್ತವೆಂದು ತೋರಿಸಿದರು. ಹಾಗಾದರೆ ಎರಡು ಅರ್ಧಗಳನ್ನೂ ಬೇರೆಬೇರೆಯಾಗಿ ಪರೀಕ್ಷಿಸುವುದು ಸಾಧ್ಯವಿತ್ತು.

1977ರಲ್ಲಿ ಆಕ್ಸ್‌ಫರ್ಡಿನಲ್ಲಿ ಆ ಕಾರ್ಯವನ್ನು ನೆರವೇರಿಸಿದವರು ಬಾಂಗ್ಲಾದೇಶದ ವೈದ್ಯ ಆಜಾದ್ ಖಾನ್, ಪಿರಿಸ್ ಮತ್ತು ಟ್ರೂಲವ್. ಈ ಟ್ರೂಲವ್ ಅವರೇ 1955ರಲ್ಲಿ ವಿಟ್ಸ್ ಅವರೊಡನೆ 210 ಮಂದಿ ರೋಗಿಗಳಲ್ಲಿ ಕಾರ್ಟಿಸೋನಿನ ಗುಣವನ್ನು ಹುಸಿಗುಳಿಗೆಯೊಡನೆ ಹೋಲಿಸಿ ನೋಡಿದ್ದವರು. ಬಾಯಿಯಿಂದ ಕೊಟ್ಟರೆ ಸ್ಯಾಲಿಸಿಲಿಕ್ ಅರ್ಧವು ಸಣ್ಣ ಕರುಳಿನಲ್ಲಿಯೇ ಹೀರಲ್ಪಟ್ಟು ಹುಣ್ಣಿರುವಲ್ಲಿಗೆ ತಲಪುವುದಿಲ್ಲ. ಅದಕ್ಕಾಗಿ ವಸ್ತಿಯ ಮಾರ್ಗವನ್ನು ಹಿಡಿದರು: ಕೆಲವರಿಗೆ ಇಡಿಯ ಔಷಧ, ಕೆಲವರಿಗೆ ಒಂದರ್ಧ, ಉಳಿದವರಿಗೆ ಇನ್ನೊಂದರ್ಧ, ಎರಡು ವಾರಗಳ ಕಾಲ. ಕರುಳಿನ ಪೊರೆಯ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಇಡಿಯ ಔಷಧವನ್ನಾಗಲಿ ಸ್ಯಾಲಿಸಿಲಿಕ್ ಅರ್ಧವನ್ನಾಗಲಿ ಪಡೆದವರಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ಸುಧಾರಣೆಯಾಗಿತ್ತು. ಸಲ್ಫಾ ಪಡೆದವರಲ್ಲಿ ನೂರಕ್ಕೆ 5 ಮಂದಿಗೆ ಮಾತ್ರ. ದುಬಾರಿ ಯಂತ್ರಗಳ ಹಂಗಿಲ್ಲದ, ಇಷ್ಟು ಸರಳವಾದ ಪ್ರಯೋಗಕ್ಕೆ 35 ವರ್ಷ ಕಾಯಬೇಕಾಯಿತೆಂಬುದೇ ಸೋಜಿಗ.

ಉಪದ್ರವಗಳ ಬಹುಭಾಗ ಸಲ್ಫಾದ್ದು. ಆದರೂ ಅದನ್ನು ನಿರರ್ಥಕವೆಂದು ಹಳಿಯುವುದು ನ್ಯಾಯವಲ್ಲ. ತನ್ನ ಜೊತೆಗಾರನನ್ನು ದೊಡ್ಡ ಕರುಳಿನವರೆಗೆ ಹೊತ್ತು ತಂದುದು ಅದೇ. ಆ ಹೊರೆಯಾಳನ್ನು ಬಿಡಲು, ದೊಡ್ಡ ಕರುಳನ್ನು ಸಮೀಪಿಸಿದ ಬಳಿಕವೇ ಕರಗುವ ಲೇಪವುಳ್ಳ ಮೆಸಲಜಿನ್ ಗುಳಿಗೆಗಳು 1980ರ ದಶಕದಲ್ಲಿ ಬಳಕೆಗೆ ಬಂದವು. ಸಲ್ಫಾಸಲಜಿನ್ನೂ ಮರೆಯಾಗಲಿಲ್ಲ. ಬೆಲೆ ಅಗ್ಗವಾದುದರಿಂದ ಕರುಳಿನ ರೋಗಕ್ಕೂ, ಸ್ವಾರ್ಟ್ಸ್ ಬಯಸಿದ್ದಂತೆ ಸಂಧಿವಾತಕ್ಕೂ, ವೈದ್ಯರು ಅದನ್ನು ಇಂದಿಗೂ ಕೊಡುತ್ತಾರೆ.